ಹತ್ತು ಗಂಟೆಯ ಬಿಕ್ಕಳಿಕೆ

ನಮ್ಮ ಊರಿಂದ ಆಚೆ ಊರಿಗೆ ಎಷ್ಟು ದೂರ ಎಂದು ಹೊಸಬರು ಯಾರಾದರೂ ಕೇಳಿದರೆ ನಾವು ಮೊದಲು "ಯಾವತ್ತು?" ಎಂದು ಕೇಳುತ್ತೇವೆ. ಬಸ್ಸಿನ ದಾರಿಗೆ ಈ ಪ್ರಶ್ನೆ ಬೇಡ. ಅದು ಗುಡ್ಡ ಬಳಸಿ ಕೆರೆ ಬಳಸಿ ಎರಡು ದಿನ ಮೈಕೈ ಕುಲುಕಿಸಿ ಕರೆದುಕೊಂಡು ಹೋಗುವ ದಾರಿ. ನಮ್ಮ ಅಜ್ಜಿಯ ಕಾಲದಲ್ಲೂ ಅಷ್ಟೇ ಇತ್ತು, ಈಗಲೂ ಅಷ್ಟೇ ಇದೆ. ಆಕಾಶದ ದಾರಿ ಹಾಗಲ್ಲ. ಒಂದು ದಿನ ವಿಮಾನ ಹತ್ತಿ ಕಡಲೆಕಾಯಿ ಪೊಟ್ಟಣ ಬಿಚ್ಚುವುದರೊಳಗೆ ಆಚೆ ಊರು ಬಂದಿರುತ್ತದೆ. ಇನ್ನೊಂದು ದಿನ ಊಟ ಮಾಡಿ, ನಿದ್ದೆ ಮಾಡಿ ಎದ್ದು, ಪಕ್ಕದ ಸೀಟಿನವರ ಮಗಳ ಮದುವೆಯ ಕಥೆಯನ್ನು ಛತ್ರ ಖಾಲಿ ಮಾಡುವವರೆಗೂ ಕೇಳಿ ಮುಗಿಸಿದರೂ ಕೆಳಗೆ ಬರೀ ಮೋಡ. ಆದ್ದರಿಂದ ದಿನಾ ಬೆಳಿಗ್ಗೆ ಆವತ್ತಿನ ದೂರ ಎಷ್ಟೆಂದು ನೋಡಿ, ಅದಕ್ಕೆ ತಕ್ಕಷ್ಟು ಪೆಟ್ರೋಲು ತುಂಬಿಸಿ, ಪೆಟ್ರೋಲಿನ ಭಾರ ಕಳೆದು ಉಳಿದಷ್ಟು ಜನರನ್ನು ಹತ್ತಿಸಿ ವಿಮಾನ ಬಿಡುತ್ತಾರೆ. ಆ ದೂರ ನೋಡುವ ಕೆಲಸ ನನ್ನದು.

ಹಾಗೆಂದು ನನಗೆ ಭಾರಿ ಗಣಿತ ಬರುತ್ತದೆ ಎಂದುಕೊಳ್ಳಬೇಡಿ. ನಾನು ಮಾಡುವುದಿಷ್ಟೇ. ಹತ್ತು ಗಂಟೆಗೆ ಸೈರನ್ ಕೂಗಿದ ಕೂಡಲೇ ವಿಮಾನದ ಆಫೀಸಿನ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಆಚೆ ಊರಿನಲ್ಲಿರುವ ನನ್ನ ನಾದಿನಿ ಕಮಲಾಕ್ಷಿಯನ್ನು ನೆನೆಯುತ್ತೇನೆ. ನೆನೆದರೆ ಅವಳಿಗೆ ಬಿಕ್ಕಳಿಕೆ ಬರುತ್ತದೆ. ಬಿಕ್ಕಳಿಕೆ ಬಂದಾಗ "ಯಾರೋ ನೆನೆಸ್ಕೊಂಡ್ರು" ಅನ್ನುವುದು ಎಲ್ಲ ಊರಿನ ಮಾತು. ನಮ್ಮಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ನೆನಪು ಗುಡ್ಡ ಬಳಸುವುದಿಲ್ಲ, ವಿಮಾನದ ಹಾಗೆ ನೇರ ಹೋಗುತ್ತದೆ. ಆಚೆ ಊರು ದೂರವಿದ್ದರೆ ಬಿಕ್ಕಳಿಕೆ ತಡ, ಹತ್ತಿರವಿದ್ದರೆ ಬೇಗ. ಬಿಕ್ಕಿದ ತಕ್ಷಣ ಕಮಲಾಕ್ಷಿ ಫೋನಿನಲ್ಲಿ "ಬಂತು" ಎನ್ನುತ್ತಾಳೆ. ಸೂಪರಿಂಟೆಂಡೆಂಟ್ ಜಿನದತ್ತಯ್ಯನವರು ಕೈಯಲ್ಲಿರುವ ಗಡಿಯಾರವನ್ನು ನಿಲ್ಲಿಸಿ, ಗುಣಾಕಾರ ಮಾಡಿ, ಪೆಟ್ರೋಲಿನವನಿಗೆ ಕೂಗಿ ಹೇಳುತ್ತಾರೆ.

ಸೈರನ್ ಕೂಗಿದಾಗ ಊರಿನಲ್ಲಿ ಬೇರೆ ಯಾರೂ ಆಚೆ ಊರಿನವರನ್ನು ನೆನೆಯುವಂತಿಲ್ಲ. ಯಾರ ನೆನಪು ಯಾರಿಗೆ ಮುಟ್ಟಿತೋ ಎಂದು ಗೊಂದಲವಾಗಬಾರದಲ್ಲ. ಅದಕ್ಕೇ ಆ ಹೊತ್ತಿಗೆ ಊರಿಗೆ ಊರೇ ಮಗ್ಗಿ ಹೇಳುತ್ತದೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರೂ ಹೇಳುತ್ತಾರೆ, ಬ್ಯಾಂಕಿನ ಮ್ಯಾನೇಜರೂ ಹೇಳುತ್ತಾರೆ. ಹೊಸದಾಗಿ ಮದುವೆಯಾಗಿ ಹೆಂಡತಿಯನ್ನು ಆಚೆ ಊರಿನ ತವರಿಗೆ ಕಳಿಸಿದವರಿಗೆ ಹತ್ತೊಂಬತ್ತರ ಮಗ್ಗಿ ಎಂದು ಕಟ್ಟಪ್ಪಣೆ. ಸುಲಭದ ಮಗ್ಗಿ ಹೇಳುತ್ತ ಹೆಂಡತಿಯನ್ನೂ ನೆನೆಯುವ ಚಾಲಾಕುಗಳಿದ್ದಾರೆ. ಆಚೆ ಊರಿನಲ್ಲೂ ಅದೇ ಹೊತ್ತಿಗೆ ಸೈರನ್, ಅದೇ ಮಗ್ಗಿ; ಅಲ್ಲಿ ಕಮಲಾಕ್ಷಿಯೂ ಮಗ್ಗಿ ಹೇಳುತ್ತ ಮನಸ್ಸು ಖಾಲಿ ಇಟ್ಟುಕೊಂಡು ಕಾಯಬೇಕು. ಅವಳು ಒಂದು ದಿನವೂ ತಪ್ಪಿದವಳಲ್ಲ. ಅದು ನನಗೆ ಹೇಗೆ ಗೊತ್ತೆಂದರೆ, ಇಷ್ಟು ವರ್ಷದಲ್ಲಿ ಆ ಹೊತ್ತಿಗೆ ನನಗೆ ಒಂದು ಬಿಕ್ಕಳಿಕೆಯೂ ಬಂದಿಲ್ಲ.

ಈ ಕೆಲಸಕ್ಕೆ ನಮ್ಮಿಬ್ಬರನ್ನೇ ಯಾಕೆ ಹಿಡಿದರು ಎಂದರೆ, ನಾವು ಜಗಳವಾಡಿದವರು. ಮೊದಮೊದಲು ಪ್ರೀತಿಸಿದವರನ್ನು ಕೂರಿಸಿ ನೋಡಿದ್ದರಂತೆ. ಪ್ರೀತಿಯ ನೆನಪು ನೆಟ್ಟಗೆ ಹೋಗುವುದಿಲ್ಲ. ದಾರಿಯಲ್ಲಿ ಅಲ್ಲಿ ನಿಲ್ಲುತ್ತದೆ, ಇಲ್ಲಿ ನಿಲ್ಲುತ್ತದೆ, ಇಲ್ಲದ ಕಡೆ ತಿರುಗುತ್ತದೆ, ಲೆಕ್ಕವೆಲ್ಲ ಉದ್ದುದ್ದ ಬರುತ್ತದೆ. ಸಿಟ್ಟಿನ ನೆನಪು ಹಾಗಲ್ಲ. ಹೊರಟರೆ ಮುಟ್ಟಿಯೇ ನಿಲ್ಲುವುದು. ನಮಗಿಂತ ಮುಂಚೆ ಈ ಕೆಲಸದಲ್ಲಿ ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮ ಇದ್ದರು. ಬಹಳ ಒಳ್ಳೆಯ ಲೆಕ್ಕ ಬರುತ್ತಿತ್ತು. ಆಮೇಲೆ ರಾಜಿಯಾಗಿ ಕೆಟ್ಟರು.

ನಮ್ಮ ಜಗಳವನ್ನೂ ಹೇಳಿಬಿಡುತ್ತೇನೆ. ನನ್ನ ಗಂಡ ವಾಮನ ಅಂದರೆ ಕಮಲಾಕ್ಷಿಯ ಒಬ್ಬನೇ ಅಣ್ಣ. ಅವರು ತೀರಿಕೊಂಡಿದ್ದು ಬಿರುಬೇಸಿಗೆಯಲ್ಲಿ. ಆ ವಾರ ಆಕಾಶ ಎಷ್ಟು ಹಿಗ್ಗಿತ್ತೆಂದರೆ ಒಂದು ವಿಮಾನವೂ ಹಾರಲಿಲ್ಲ. ಅಣ್ಣನಿಗೆ ಹುಷಾರಿಲ್ಲ ಎಂದಷ್ಟೇ ಕೇಳಿದ ಕಮಲಾಕ್ಷಿ ಬಸ್ಸು ಹತ್ತಿದ್ದಳು. ಅವಳು ದಾರಿಯಲ್ಲಿರುವಾಗಲೇ ಇಲ್ಲಿ ಎಲ್ಲ ಮುಗಿಯಿತು. ಆ ಸೆಕೆಯಲ್ಲಿ, ಒಂದು ಮಂಜುಗಡ್ಡೆ ತುಂಡೂ ಸಿಗದ ಊರಿನಲ್ಲಿ, ಹೆಣ ಇಟ್ಟುಕೊಂಡು ಎಷ್ಟು ಹೊತ್ತು ಕಾಯಲಿ? ಕಾಯಲಿಲ್ಲ. ಬೆಂಕಿ ಕೊಡಿಸಿದೆ. ಇವತ್ತು ಹಾಗಾದರೂ ಅದನ್ನೇ ಮಾಡುತ್ತೇನೆ. ಅವಳು ಬಂದು ಅಂಗಳದಲ್ಲಿ ನಿಂತು ವಿಷಯ ತಿಳಿದ ಮೇಲೆ ಬೀದಿಯವರೆಲ್ಲರ ಮುಂದೆ, "ಇವಳಿಗೆ ಬೇಗ ಮುಗಿಸ್ಕೋಬೇಕಿತ್ತು, ಮುಗಿಸ್ಕೊಂಡ್ಳು. ನಮ್ಮಣ್ಣನ ಮುಖಾನೂ ತೋರಿಸ್ಲಿಲ್ಲ" ಎಂದಳು. ಅವಳು ಅಂದದ್ದರಲ್ಲಿ ಎರಡನೆಯದು ನಿಜ. ಮೊದಲನೆಯದನ್ನು ನಾನು ಕ್ಷಮಿಸಲಿಲ್ಲ. ಹದಿಮೂರನೆಯ ದಿನ ಮುಗಿಯುವುದರೊಳಗೆ ಜಿನದತ್ತಯ್ಯನವರು ಮಾತಾಡಿಸಿಕೊಂಡು ಹೋಗಲು ಬಂದರು. ಅರ್ಧ ಮಾತು ದುಃಖದ್ದು, ಅರ್ಧ ಕೆಲಸದ್ದು. ಅಳುವ ಮನೆಗೆ ಆರ್ಡರು ತಂದ ಮನುಷ್ಯ ಅವರು. ಅಂದಿನಿಂದ ಕಮಲಾಕ್ಷಿ ನನ್ನೊಡನೆ ಆಡಿದ ಮಾತು ದಿನಕ್ಕೊಂದೇ: "ಬಂತು." ನಾನು "ಹೂಂ" ಎನ್ನುತ್ತಿದ್ದೆ. ಅವಳು ಫೋನು ಕುಕ್ಕುತ್ತಿದ್ದಳು.

ಬೇರೆ ಹೊತ್ತಿನಲ್ಲಿ ನಾನು ಅವಳನ್ನು ನೆನೆಯಬಾರದೆಂದು ನಿಯಮ. ಒಮ್ಮೆ ಹಾಗಲಕಾಯಿ ಹೆಚ್ಚುವಾಗ, ಇದು ಅವಳಿಗೆ ಇಷ್ಟವಿತ್ತಲ್ಲ ಎಂದು ತಲೆಯಲ್ಲಿ ಸುಳಿದಿದ್ದಕ್ಕೆ ಅವಳು ಆಫೀಸಿಗೆ ದೂರು ಕೊಟ್ಟಳು: ಮಧ್ಯಾಹ್ನದ ಊಟದ ವೇಳೆ ಬೇಡದ ಬಿಕ್ಕಳಿಕೆ. ಅವತ್ತಿನಿಂದ ನಮ್ಮ ಮನೆಗೆ ಹಾಗಲಕಾಯಿ ಬರುವುದು ನಿಂತಿತು.

ಕೆಲಸ ನೆಟ್ಟಗೇ ನಡೆಯುತ್ತಿತ್ತು. ಈ ವರ್ಷ ಯುಗಾದಿ ಕಳೆದ ಮೇಲೆ ಬಿಕ್ಕಳಿಕೆ ತಡವಾಗತೊಡಗಿತು. ಲೆಕ್ಕದಲ್ಲಿ ದೂರ ಜಾಸ್ತಿ ಬರುವುದು, ಜಿನದತ್ತಯ್ಯನವರು ಪೆಟ್ರೋಲು ಜಾಸ್ತಿ ತುಂಬಿಸುವುದು, ಜನರನ್ನು ಇಳಿಸುವುದು. ಒಂದು ದಿನ ಮದುವೆಗೆ ಹೊರಟ ದಿಬ್ಬಣದಲ್ಲಿ ವರನನ್ನು ಹತ್ತಿಸಿ ವಾಲಗದವರನ್ನು ಇಳಿಸಿದರು. ವಿಮಾನ ಓಡಿಸುವ ಕ್ಯಾಪ್ಟನ್ ಮಸ್ಕರೇನಸ್ ಮಾತ್ರ ದಿನಾ ವಾಪಸ್ಸು ಬಂದು ಗೊಣಗುತ್ತಿದ್ದರು: "ಅಷ್ಟು ದೂರ ಇಲ್ಲವೇ ಇಲ್ಲ ಸಾರ್. ಕಾಲು ಟ್ಯಾಂಕು ಹಾಗೇ ಉಳೀತು. ಸುಮ್ನೆ ಭಾರ ಹೊತ್ಕೊಂಡು ಹೋಗಿ ಬಂದೆ."

ಜಿನದತ್ತಯ್ಯನವರು ಬಾಗಿಲು ಹಾಕಿಕೊಂಡು ನನ್ನ ಮುಂದೆ ಕೂತರು. "ಭಾಗೀರಥಮ್ಮನವರೇ, ತಪ್ಪು ತಿಳ್ಕೋಬೇಡಿ. ನಿಮ್ಮ ನಾದಿನಿ ಮೇಲೆ ಸಿಟ್ಟೇನಾದ್ರೂ ಕಮ್ಮಿ ಆಗಿದ್ಯೇ?"

"ನನ್ನ ಸಿಟ್ಟಿಗೇನಾಗಿದೆ ಸಾರ್? ಕಲ್ಲಿದ್ದ ಹಾಗಿದೆ," ಎಂದೆ. ಮರ್ಯಾದೆಯ ಪ್ರಶ್ನೆ.

ಆದರೆ ಇಂಥ ಮಾತು ಊರಿನಲ್ಲಿ ನಿಲ್ಲುತ್ತದೆಯೇ? ಬೆಂಕಿಗೆ ಗಾಳಿ ಹಾಕುವವರಿಗೆ ಯಾವ ಊರಲ್ಲೂ ಬರವಿಲ್ಲ; ನಮ್ಮೂರಲ್ಲಿ ಅದು ಊರ ಸೇವೆಯೇ ಆಯಿತು. ಎದುರುಮನೆಯವರು ಬಂದು, "ಅವ್ಳು ಅವತ್ತು ಅಂಗಳದಲ್ಲಿ ಏನಂದ್ಳು ನೆನಪಿದ್ಯಾ?" ಎಂದು ಜ್ಞಾಪಿಸಿ ಹೋಗುತ್ತಿದ್ದರು. ತರಕಾರಿಯ ಜೈನಬಿ, ನಲವತ್ತು ವರ್ಷದ ಪರಿಚಯದವಳು, ನನಗೊಬ್ಬಳಿಗೇ ಟೊಮ್ಯಾಟೊ ರೇಟು ಏರಿಸಿದಳು. ಯಾಕೆಂದು ಕೇಳಿದರೆ, "ಸಿಟ್ಟು ಬರ್ಲಿ ಅಂತ ಕಣಕ್ಕ. ನನ್ನ ಅಳಿಯ ಶುಕ್ರವಾರ ಆಚೆ ಊರಿಗೆ ಹೋಗ್ಬೇಕು, ಸೀಟು ಉಳೀಲಿ" ಎಂದಳು. ಜೈನಬಿಯ ಮೇಲೆ ಸಿಟ್ಟು ಬಂತು. ಕಮಲಾಕ್ಷಿಯ ಬಿಕ್ಕಳಿಕೆಗೆ ಅದರಿಂದ ಏನು ಪ್ರಯೋಜನ?

ನಿಜ ಏನೆಂದರೆ, ಸಿಟ್ಟು ಬರಿಸಿಕೊಳ್ಳಲು ನಾನು ದಿನಾ ಆ ದಿನವನ್ನು ಮೊದಲಿನಿಂದ ನೆನೆಯುತ್ತಿದ್ದೆ. ಬಸ್ಸು ನಿಂತದ್ದು, ಅವಳು ಇಳಿದದ್ದು, ಅಂಗಳಕ್ಕೆ ಬಂದದ್ದು, ಆಮೇಲೆ ಆ ಮಾತು. ಮಾತಿನ ಹತ್ತಿರ ಬಂದರೆ ಸಾಕು, ಎದೆ ಭಗ್ಗೆನ್ನುತ್ತಿತ್ತು. ಆದರೆ ಬಸ್ಸಿನಿಂದ ಇಳಿದಾಗ ಅವಳ ಕೈಯಲ್ಲೊಂದು ಬಟ್ಟೆಯ ಚೀಲವಿತ್ತು. ಅದರಲ್ಲಿ ಅಣ್ಣನಿಗೆಂದು ಕರಿದ ಕೋಡುಬಳೆ. ಹುಷಾರಿಲ್ಲದವನ ಬಾಯಿಗೆ ರುಚಿ ಹತ್ತಲಿ ಎಂದು ಎರಡು ದಿನ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು, ಒಂದೂ ಮುರಿಯದ ಹಾಗೆ. ಬೈದು ಮುಗಿಸಿ ಹೋಗುವಾಗ ಅದನ್ನು ಕಂಬದ ಬುಡದಲ್ಲೇ ಬಿಟ್ಟು ಹೋದಳು. ಸೂತಕದ ಮನೆಯಲ್ಲಿ ಅದನ್ನು ಯಾರು ಕೇಳುತ್ತಾರೆ? ನಾನು ಒಳಗಿಟ್ಟು, ಆಮೇಲೆ ಯಾರಿಗೂ ಹೇಳದೆ ದಿನಕ್ಕೊಂದರಂತೆ ಅಷ್ಟನ್ನೂ ನಾನೇ ತಿಂದೆ. ಅಷ್ಟು ಸಿಟ್ಟಿನಲ್ಲೂ ಬಹಳ ಚೆನ್ನಾಗಿದ್ದವು. ಈಚೆಗೆ ಕಣ್ಣು ಮುಚ್ಚಿ ಕೂತರೆ ನನ್ನ ನೆನಪು ಆ ಚೀಲದ ಹತ್ತಿರವೇ ನಿಂತುಬಿಡುತ್ತಿತ್ತು. ಅವಳ ಮಾತಿನವರೆಗೆ ಹೋಗುತ್ತಲೇ ಇರಲಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಮೊದಲೇ ಮನೆಯ ಫೋನು ಬಡಿದುಕೊಂಡಿತು. ಕಮಲಾಕ್ಷಿಯ ಮಗಳು ಶಶಿಕಲಾ.

"ಅತ್ತೆ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀವಿ. ಹೃದಯದ ಆಪರೇಷನ್ನು, ನಾಳೆ ಬೆಳಿಗ್ಗೆ ಮಾಡ್ತಾರಂತೆ. ಏನೂ ಹೇಳಕ್ಕಾಗಲ್ಲ ಅಂತಿದಾರೆ. ಅಮ್ಮ ನಿಮ್ಮನ್ನ ನೋಡ್ಬೇಕಂತೆ."

"ಯಾಕಂತೆ?"

"ಬೈಯಕ್ಕಿರ್ಬೇಕು ಅತ್ತೆ."

ನಾನು ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಓಡಿದೆ. ಬಸ್ಸಿನಲ್ಲಿ ಹೋದರೆ ನಾಡಿದ್ದು ಮುಟ್ಟುವುದು. ಅಂದರೆ ಅವಳು ಅಣ್ಣನಿಗೆ ಬಂದ ಹಾಗೆ ನಾನು ಅವಳಿಗೆ ಹೋದಂತಾಗುತ್ತದೆ. ಇರುವುದು ಒಂದೇ ವಿಮಾನ. ಆ ವಿಮಾನ ಬಿಡಬೇಕಾದರೆ ದೂರ ಗೊತ್ತಾಗಬೇಕು. ದೂರ ಗೊತ್ತಾಗಬೇಕಾದರೆ ನಾನು ಅವಳನ್ನು ಸಿಟ್ಟಿನಿಂದ ನೆನೆಯಬೇಕು, ಅದೂ ಅವತ್ತು. ವಿಧಿಗೆ ಬೇರೆ ಕೆಲಸವಿರಲಿಲ್ಲ.

ಜಿನದತ್ತಯ್ಯನವರು ನನ್ನ ಹೆಸರಿಗೆ ಒಂದು ಸೀಟು ತೆಗೆದಿಟ್ಟರು. ಆಸ್ಪತ್ರೆಯ ವಾರ್ಡಿಗೇ ಫೋನು ಹಾಕಿಸಿದರು. ಸೈರನ್ ಕೂಗಿತು. ಬೀದಿಯಲ್ಲೆಲ್ಲ ಮಗ್ಗಿ ಎದ್ದಿತು. ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿದೆ. ಬಸ್ಸು, ಚೀಲ, ಕೋಡುಬಳೆ. ಮತ್ತೆ ಬಸ್ಸು, ಚೀಲ. ಆ ಮಾತನ್ನು ಬಾಯಿಬಿಟ್ಟು ಹೇಳಿಕೊಂಡೆ: ಬೇಗ ಮುಗಿಸ್ಕೋಬೇಕಿತ್ತು, ಮುಗಿಸ್ಕೊಂಡ್ಳು. ಯಾರೋ ಯಾರಿಗೋ ಅಂದ ಮಾತಿನ ಹಾಗೆ ಕೇಳಿಸಿತು. ಆಸ್ಪತ್ರೆಯ ಮಂಚದ ಮೇಲೆ ಅವಳು ಹೇಗೆ ಕಾಣುತ್ತಿರಬಹುದು, ಕೂದಲು ಎಷ್ಟು ಬೆಳ್ಳಗಾಗಿರಬಹುದು ಎಂದೇ ಮನಸ್ಸು ಓಡುತ್ತಿತ್ತು. ನನಗೆ ಅಳು ಬಂತು, ಸಿಟ್ಟು ಬರಲಿಲ್ಲ.

"ಇನ್ನೂ ಬಂದಿಲ್ಲ," ಎಂದಳು ಶಶಿಕಲಾ ಫೋನಿನಲ್ಲಿ. ಎಷ್ಟೋ ಹೊತ್ತಾದ ಮೇಲೆ ಮತ್ತೆ, "ಬಂದಿಲ್ಲ ಅತ್ತೆ."

ಜಿನದತ್ತಯ್ಯನವರು ಗಡಿಯಾರ ನಿಲ್ಲಿಸಿ ಮೇಜಿನ ಮೇಲಿಟ್ಟರು. ಬಿಕ್ಕಳಿಕೆ ಬಾರದಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಸೈರನ್ ಹಾಕಬಹುದು, ಅಷ್ಟೇ. ಅದೂ ವಿಫಲವಾದರೆ ಅವತ್ತು ವಿಮಾನವಿಲ್ಲ. ಹೊರಗಿನ ಬೆಂಚುಗಳ ಮೇಲೆ ಕೂತಿದ್ದ ಪ್ರಯಾಣಿಕರು ನನ್ನನ್ನೇ ನೋಡುತ್ತಿದ್ದರು. ಒಬ್ಬರು, "ಅಮ್ಮಾ, ಬೇಕಾದ್ರೆ ನಾನೇ ನಾಕು ಬೈದು ನೋಡ್ಲಾ?" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

ಆಗ ಫೋನಿನ ಆ ತುದಿಯಲ್ಲಿ ಏನೋ ಎಳೆದಾಟವಾಗಿ, ಬೇರೆ ದನಿ ಬಂತು. ಸೋತ ದನಿ, ಆದರೆ ಅದೇ ದನಿ.

"ಅತ್ತಿಗೆ."

ಇಷ್ಟು ವರ್ಷದ ಮೇಲೆ ಅವಳು ನನ್ನನ್ನು ಕರೆದದ್ದು.

"ನಿನ್ನ ಸಿಟ್ಟು ಸತ್ತೋಗಿದೆ ಅಂತ ನಂಗೆ ಯುಗಾದಿಯಿಂದ ಗೊತ್ತು," ಎಂದಳು. "ಮೊದ್ಲು ಬಿಕ್ಕಳಿಕೆ ಬಂದ್ರೆ ಎದೆಗೆ ಗುದ್ದಿದ ಹಾಗೆ ಬರ್ತಿತ್ತು. ಈಗ ಬೆನ್ನು ಸವರಿದ ಹಾಗೆ ಬರತ್ತೆ. ಯಾಕೆ ಅತ್ತಿಗೆ, ವಯಸ್ಸಾಯ್ತಾ?"

"ನಿನಗಾಗಿಲ್ವಾ?"

"ನಂಗೂ ಆಯ್ತು. ಆದ್ರೆ ನನ್ನ ಸಿಟ್ಟು ಹಾಗೇ ಇದೆ. ಒಂದು ಚೂರೂ ಸವೆದಿಲ್ಲ. ಕೇಳಿಸ್ಕೋ, ಈ ಸಲ ನಾನು ನೆನೀತೀನಿ. ನೀನು ಮಗ್ಗಿ ಹೇಳ್ತಾ ಕೂತ್ಕೋ."

ಜಿನದತ್ತಯ್ಯನವರು ಅಡ್ಡ ಬಾಯಿ ಹಾಕಿದರು. "ಹಾಗೆ ತಿರುವು ಮುರುವು ಮಾಡಕ್ಕೆ ನಿಯಮ ಇಲ್ಲ..."

"ಮಾಡಬಾರದು ಅಂತ ಇದ್ಯಾ ಸಾರ್?" ಎಂದು ಕ್ಯಾಪ್ಟನ್ ಮಸ್ಕರೇನಸ್ ಬಾಗಿಲಿನಿಂದಲೇ ಕೇಳಿದರು. "ಅಲ್ಲಿಂದ ಇಲ್ಲಿಗೂ ದೂರ ಅಷ್ಟೇ ಅಲ್ವಾ?"

ಜಿನದತ್ತಯ್ಯನವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಗಡಿಯಾರ ಕೈಗೆತ್ತಿಕೊಂಡರು.

ಎರಡನೇ ಸೈರನ್ ಕೂಗಿತು. ಮಗ್ಗಿ ಹೇಳುತ್ತ ಮನಸ್ಸನ್ನು ಖಾಲಿ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಅವತ್ತು ಗೊತ್ತಾಯಿತು. ಅವಳು ಇಷ್ಟು ವರ್ಷ ದಿನಾ ಇದನ್ನು ಮಾಡಿದ್ದಳು. ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು. ಹತ್ತೊಂಬತ್ತೆರಡ್ಲಿ ಮೂವತ್ತೆಂಟು. ಅವಳೇನಾದರೂ ಸುಮ್ಮನೆ ಬಾಯಿಮಾತಿಗೆ ಹೇಳಿದ್ದರೆ? ಅವಳ ಸಿಟ್ಟೂ ಸವೆದುಹೋಗಿದ್ದರೆ? ಹತ್ತೊಂಬತ್ತು ಮೂರ್ಲಿ ಐವತ್ತೇಳು. ಹತ್ತೊಂಬತ್ತು ನಾಕ್ಲಿ...

ಎದೆಗೆ ಯಾರೋ ಗುದ್ದಿದ ಹಾಗಾಯಿತು. ಮೈಯೆಲ್ಲ ಎತ್ತಿ ಹಾಕುವಂಥ ಬಿಕ್ಕಳಿಕೆ. ಬೆತ್ತದ ಕುರ್ಚಿ ಕಿರುಗುಟ್ಟಿತು.

"ಬಂತು!" ಎಂದು ಕಿರುಚಿದೆ. ಹೊರಗಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಒಬ್ಬರ ಸಿಟ್ಟಿನಿಂದ ಇನ್ನೊಬ್ಬರಿಗೆ ಇಷ್ಟು ಸಂತೋಷವಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಅವತ್ತು ಆಚೆ ಊರು ಹತ್ತಿರವೇ ಇತ್ತು. ಒಬ್ಬರನ್ನೂ ಇಳಿಸಬೇಕಾಗಲಿಲ್ಲ. ಇಳಿದ ಮೇಲೆ ಮಸ್ಕರೇನಸ್ ಟ್ಯಾಂಕು ನೋಡಿ ಬಂದು, ಎಷ್ಟು ಉಳಿಯಬೇಕೋ ಅಷ್ಟೇ ಉಳಿದಿದೆ ಎಂದು ಹೇಳಿದರು. "ನಿಮ್ಮ ನಾದಿನೀದು ಅಪ್ಪಟ ಸಿಟ್ಟು ಅಮ್ಮ, ಕಲಬೆರಕೆ ಇಲ್ಲ," ಎಂದರು. ನನಗೆ ಒಂಥರಾ ಹೆಮ್ಮೆಯೇ ಆಯಿತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಕಮಲಾಕ್ಷಿ ದಿಂಬಿಗೆ ಒರಗಿ ನನ್ನ ದಾರಿ ನೋಡುತ್ತಿದ್ದಳು. ಮೈ ಇಳಿದು ಅರ್ಧವಾಗಿದ್ದಳು. ನಾನು ಹತ್ತಿರ ಹೋಗುವುದೇ ತಡ, ಶುರು ಹಚ್ಚಿಕೊಂಡಳು. ನನ್ನಿಂದಾಗಿ ಇಷ್ಟು ವರ್ಷದಲ್ಲಿ ಒಂದು ದಿನವೂ ಹತ್ತು ಗಂಟೆಯ ಕಾಫಿಯನ್ನು ನೆಮ್ಮದಿಯಾಗಿ ಕುಡಿದವಳಲ್ಲ ಅವಳು. ಮೊಮ್ಮಗನ ನಾಮಕರಣದ ದಿನವೂ ಪುರೋಹಿತರ ಎದುರು ಬಿಕ್ಕಿದ್ದಳು. ಅಣ್ಣನ ವಿಷಯ ಎತ್ತಿದಳು, ಅಂಗಳದ ವಿಷಯ ಎತ್ತಿದಳು, ಅತ್ತಳು. ನಾನು ಮಂಚದ ತುದಿಯಲ್ಲಿ ಕೂತು ಅವಳ ಕಾಲು ಒತ್ತುತ್ತ ಎಲ್ಲ ಕೇಳಿಸಿಕೊಂಡೆ. ಅತ್ತು ಮುಗಿದ ಮೇಲೆ ಅವಳ ಮುಖ ಮೆತ್ತಗಾಯಿತು. ನನ್ನ ಕೈ ಹಿಡಿದುಕೊಂಡಳು.

"ಹೋಗ್ಲಿ ಬಿಡು ಅತ್ತಿಗೆ," ಎಂದಳು. "ಇನ್ನೆಷ್ಟು ದಿನ ಇದೆಲ್ಲ. ಆ ಸೆಕೇಲಿ ನೀನಾದ್ರೂ ಏನ್ ಮಾಡ್ತಿದ್ದೆ?"

ನನಗೆ ಭಯವಾಯಿತು. ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆನೋ, ಅವತ್ತು ಮಾತ್ರ ಅದು ಬೇಡವಾಗಿತ್ತು. ಎಲ್ಲ ಬಿಟ್ಟುಕೊಟ್ಟು, ಎಲ್ಲರನ್ನೂ ಕ್ಷಮಿಸಿ, ಹಗುರಾಗಿ ಮಲಗಿದವರು ಹಾಗೇ ಹೊರಟುಬಿಡುವುದನ್ನು ನಾನು ನೋಡಿದ್ದೇನೆ. ನನ್ನ ಗಂಡ ಹೋಗಿದ್ದೂ ಹಾಗೆಯೇ.

ಅವಳೇ ಕೇಳಿದಳು. "ಅವತ್ತು ಒಂದು ಚೀಲ ಬಿಟ್ಟು ಬಂದಿದ್ದೆ. ಕೋಡುಬಳೆ. ಏನ್ ಮಾಡ್ದೆ?"

"ತಿಂದೆ."

"ಹೇಗಿತ್ತು?"

"ಉಪ್ಪೇ ಇರ್ಲಿಲ್ಲ," ಎಂದೆ. "ಅರ್ಧಕ್ಕರ್ಧ ಸೀದೂ ಹೋಗಿತ್ತು. ನಿಮ್ಮಣ್ಣ ಬದುಕಿದ್ರೂ ತಿಂತಿರ್ಲಿಲ್ಲ."

ಕಮಲಾಕ್ಷಿ ನನ್ನ ಕೈ ಕೊಡವಿ ಎದ್ದು ಕೂತಳು. ಬಿಳಿಚಿದ ಮುಖ ಕೆಂಪಗಾಯಿತು. "ನನ್ನ ಕೋಡುಬಳೆಗೆ ಹೆಸರಿಡ್ತೀಯಾ? ನನ್ನ ಕೋಡುಬಳೆಗೆ?" ನರ್ಸು ಓಡಿ ಬಂದಳು. ಶಶಿಕಲಾ ನನ್ನನ್ನು ಹೊರಗೆ ಎಳೆದುಕೊಂಡು ಬಂದು, "ಏನತ್ತೆ ಇದು, ನಾಳೆ ಆಪರೇಷನ್ ಇಟ್ಕೊಂಡು?" ಎಂದು ಸಿಡುಕಿದಳು. ಒಳಗಿನಿಂದ ಕಮಲಾಕ್ಷಿಯ ಮಾತು ಇನ್ನೂ ಕೇಳುತ್ತಿತ್ತು: "ನಾಳೆ ನಾನು ಎದ್ಮೇಲೆ ಇದೆ ಇವಳಿಗೆ!" ಅಷ್ಟು ಕೇಳಿಸಿಕೊಂಡು ನಾನು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ.

ಬೆಳಿಗ್ಗೆ ಬೇಗನೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ದೂರ ಅಳೆಯುವವರಿಬ್ಬರೂ ಇಲ್ಲೇ ಇದ್ದರೂ ಹತ್ತು ಗಂಟೆಗೆ ಆಚೆ ಊರಿನ ಸೈರನ್ ಕೂಗಿತು; ಆಸ್ಪತ್ರೆಯ ಜನರೆಲ್ಲ ರೂಢಿಯಂತೆ ಮಗ್ಗಿ ಹೇಳಿ ಮುಗಿಸಿದರು. ನಾನು ನಿಲ್ಲಿಸಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಯಾವ ಡಾಕ್ಟರೂ ಹೊರಗೆ ಬರಲಿಲ್ಲ. ಶಶಿಕಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಹತ್ತೊಂಬತ್ತರ ಮಗ್ಗಿ ಮುಗಿಸಿ ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಅವಳನ್ನು ನೆನೆಯಬಾರದು; ಮನಸ್ಸು ಖಾಲಿ ಇರಬೇಕು; ಬಂದರೆ ಗೊತ್ತಾಗಬೇಕು. ಹತ್ತೊಂಬತ್ತು ಐದ್ಲಿ ತೊಂಬತ್ತೈದು. ಹತ್ತೊಂಬತ್ತಾರ್ಲಿ ನೂರಾ ಹದಿನಾಲ್ಕು.

ಬಾಯಲ್ಲಿದ್ದ ಮಗ್ಗಿ ಅಲ್ಲೇ ತುಂಡಾಯಿತು. ಎದೆಗೆ ಗುದ್ದಿದ ಹಾಗೆ, ಬೆಂಚು ಅಲುಗುವ ಹಾಗೆ ಒಂದು ಬಿಕ್ಕಳಿಕೆ. ಅದರ ಬೆನ್ನಿಗೇ ಇನ್ನೊಂದು.

"ಶಶಿ," ಎಂದು ಅವಳ ಭುಜ ಹಿಡಿದು ಅಲುಗಿಸಿದೆ, "ಏಳೇ. ನಿಮ್ಮಮ್ಮಂಗೆ ಎಚ್ಚರ ಆಯ್ತು. ಬಂತು."